ಲ್ಯಾಟಿನ್ ಪಾಠವೂ ಕನ್ನಡ ಕೋಶವೂ

ಕಿಟ್ಟೆಲ್ ಮಹಾಶಯರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದುದು ವಾಚಕರಿಗೆ ವಿದಿತವೇ ಆಗಿದೆ. ಸುಮಾರು 70,000 ಶಬ್ದಗಳ ಆ ಕೋಶದ ಮೂಲವನ್ನರಸುವವರು ಸಾಮಾನ್ಯವಾಗಿ ಅವರ ಮಿಶನರಿ ಜೀವನವನ್ನೇ ಪರಿಶೀಲಿಸುವರು. ಅದಕ್ಕೂ ಹಿಂದಣ ಅವರ ಪ್ರೌಢಶಾಲೆಯ ವ್ಯಾಸಂಗವನ್ನು ಗಮನಿಸಬೇಕೆಂಬುದು ನಮ್ಮ ಅಭಿಪ್ರಾಯ.

1832ರಲ್ಲಿ ಜರ್ಮನಿಯ ಪೂರ್ವ ಫ್ರಿಸಿಯಾ ಪ್ರಾಂತದಲ್ಲಿ ಜನಿಸಿದ ಕಿಟ್ಟೆಲರು ಔರಿಕ್ ಪಟ್ಟಣದ ಪ್ರೌಢಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತರು. ಅಂದಿನ ಲ್ಯಾಟಿನ್ ಶಿಕ್ಷಣಕ್ರಮವು ನಮ್ಮ ಪಾಠಶಾಲೆಗಳ ಕ್ರಮಕ್ಕೆ ದೂರವಾದುದಲ್ಲ. ಮೊದಲು ವಿಭಕ್ತಿರೂಪಗಳ ಕಂಠಪಾಠ, ಬಳಿಕ ಅನ್ವಯ. ಆಮೇಲೆ, ನಮಗೆ ರಘುವಂಶವಿರುವಂತೆ, ಅವರಿಗೆ ಸೀಸರ್, ಸಿಸೆರೊ, ವರ್ಜಿಲರ ಗ್ರಂಥಗಳು.

ಇಂತಹ ಶಿಕ್ಷಣದಿಂದ ಕನ್ನಡಕ್ಕೆ ಬಂದ ಫಲವೇನು? ಒಂದು ನಿದರ್ಶನವನ್ನು ನೋಡೋಣ. ಕೇಶಿರಾಜನು ತೃತೀಯೆಗೆ ‘ಇಂ’, ಪಂಚಮಿಗೆ ‘ಅತ್ತಣಿಂ’ ಎಂಬ ಪ್ರತ್ಯಯಗಳನ್ನು ಹೇಳಿರುವನು. ‘ಅತ್ತಣಿಂ’ ಎಂಬುದರ ಕೊನೆಯಲ್ಲಿಯೂ ‘ಇಂ’ ಇರುವುದಷ್ಟೆ. ಸಂಸ್ಕೃತವೊಂದನ್ನೇ ಬಲ್ಲವನು ಕರಣಕ್ಕೂ ಅಪಾದಾನಕ್ಕೂ ಬೇರೆ ಬೇರೆ ವಿಭಕ್ತಿಗಳನ್ನು ನಿರೀಕ್ಷಿಸುವನು. ಲ್ಯಾಟಿನಿನಲ್ಲಾದರೋ ಇವೆರಡಕ್ಕೂ ಒಂದೇ ವಿಭಕ್ತಿ: ‘ಗ್ಲಾಡಿಯೋ’ ಎಂದರೆ ಕತ್ತಿಯಿಂದ, ‘ರೋಮಾ’ ಎಂದು ಅಂತ್ಯಸ್ವರವನ್ನು ದೀರ್ಘವಾಗಿ ಉಚ್ಚರಿಸಿದರೆ ರೋಮಿನಿಂದ. ‘ಕತ್ತಿಯಿಂದ ಕಡಿದನು’, ‘ಊರಿಂದ ಬಂದನು’ ಎಂಬ ನಮ್ಮ ಮಾತಿನ ರೀತಿಯೂ ಇದೇ. ಎರಡು ಪ್ರಾಚೀನ ಭಾಷೆಗಳನ್ನು ಬಲ್ಲವನು ಮೂರನೆಯದನ್ನು ಅದರದೇ ನಿಯಮದಿಂದ ಅಳೆಯಬಲ್ಲನು.

1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲರು 1872ರಲ್ಲಿ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಲ್ಯಾಟಿನ್ ಬಲ್ಲವರ ಕನ್ನಡಸೇವೆಯು ಇವರೊಬ್ಬರದೇ ಅಲ್ಲ. ಬೆಂಗಳೂರಿನಲ್ಲಿಯೇ ಕ್ಯಾಥೊಲಿಕ್ ಪಾದ್ರಿಗಳು 1855ರಲ್ಲಿ ಕನ್ನಡ–ಲ್ಯಾಟಿನ್ ಕೋಶವನ್ನೂ 1861ರಲ್ಲಿ ಲ್ಯಾಟಿನ್–ಕನ್ನಡ ಕೋಶವನ್ನೂ ಅಚ್ಚು ಹಾಕಿಸಿದ್ದರು. ಆದರೆ ಲ್ಯಾಟಿನ್ ಒಂದರಿಂದಲೇ ಇದೆಲ್ಲವೂ ಆಯಿತೆನ್ನುವುದು ಅತಿಶಯೋಕ್ತಿ. ಈ ನಾಡಿನ ಪಂಡಿತರ ನೆರವಿಲ್ಲದೆ ಕಿಟ್ಟೆಲರ ಕೋಶವು ಸಿದ್ಧವಾಗುತ್ತಿರಲಿಲ್ಲ. ಶಾಲೆಯು ಅವರಿಗೆ ಕೊಟ್ಟುದು ಕನ್ನಡವನ್ನಲ್ಲ, ಕನ್ನಡವನ್ನು ಕಾಣುವ ಕಣ್ಣನ್ನು.

ಇಂದು ರಾಜಾಜಿನಗರ, ವಿಜಯನಗರಗಳ ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನೋದುವ ಬಾಲಕರಿಗೆ ಲ್ಯಾಟಿನ್ ಬೇಕೆಂದು ನಾವು ಹೇಳುವುದಿಲ್ಲ. ಅವರು ಕಲಿಯುವ ಶಬ್ದರೂಪಗಳ ಪಕ್ಕದಲ್ಲಿ ಕೇಶಿರಾಜನ ಏಳು ಪ್ರತ್ಯಯಗಳನ್ನಿಟ್ಟು ತೋರಿಸುವ ಉಪಾಧ್ಯಾಯರಿದ್ದರೆ ಸಾಕು. ಹಾಗಲ್ಲದೆ ಸಂಸ್ಕೃತವು ಅಂಕಗಳಿಗೆ ಮಾತ್ರ ಮೀಸಲಾದರೆ, ಹಳಗನ್ನಡ ಗ್ರಂಥಗಳನ್ನು ಶೋಧಿಸಬಲ್ಲವರು ಮುಂದೆ ಎಲ್ಲಿಂದ ಬರಬೇಕು? ವಿದ್ವಾಂಸರು ವಿಚಾರಮಾಡಬೇಕಾಗಿದೆ.