ಫಾರಂ ಎಫ್ ಮತ್ತು ದಾಖಲಾತಿ ರಿಜಿಸ್ಟರ್: ಕೋಲಾರದ ಗಡಿ ತಾಲ್ಲೂಕುಗಳಲ್ಲಿ ಗರ್ಭಪಾತ ನಿಯಂತ್ರಣ

ಗರ್ಭಪಾತದ ಕಾನೂನಿನ ಚರ್ಚೆ ಎದ್ದಾಗಲೆಲ್ಲ ಮಾತು ವಾರಗಳ ಲೆಕ್ಕಕ್ಕೆ ಹೋಗಿ ನಿಲ್ಲುತ್ತದೆ: 20 ವಾರವೋ, 24 ವಾರವೋ, ಅದರಾಚೆಯೋ. ಗರ್ಭದಲ್ಲಿರುವ ಜೀವಕ್ಕೆ ಕಾನೂನಿನ ಆಸರೆ ಇರಬೇಕೆಂಬುದು ಈ ಟಿಪ್ಪಣಿಯ ನಿಲುವು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ತಾಲ್ಲೂಕುಗಳಲ್ಲಿ ಆ ಆಸರೆ ವಾರಗಳ ಮಿತಿಗಿಂತ ಹೆಚ್ಚಾಗಿ ಎರಡು ಕಾಗದಗಳ ಮೇಲೆ ನಿಂತಿದೆ. ಅವೆರಡನ್ನೂ ಎದುರುಬದುರು ಇಟ್ಟು ಓದುವುದು ಮಾತ್ರ ಯಾರ ಕೆಲಸವೂ ಆಗಿಲ್ಲ.

ಹಿನ್ನೆಲೆ ಚುಟುಕಾಗಿ. 1860ರ ದಂಡ ಸಂಹಿತೆಯ 312ನೇ ಕಲಂ ಗರ್ಭಪಾತವನ್ನು ಅಪರಾಧವೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಂ ಅದನ್ನೇ ಉಳಿಸಿಕೊಂಡಿದೆ. ಶಾಂತಿಲಾಲ್ ಶಾ ಸಮಿತಿಯ ವರದಿಯ ಬೆನ್ನಿಗೆ ಬಂದ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, ಅಂದರೆ ಎಂಟಿಪಿ ಕಾಯ್ದೆ, ಈ ಅಪರಾಧಕ್ಕೆ ಕೊಟ್ಟ ವಿನಾಯಿತಿ ಅಷ್ಟೆ. ಸದ್ಭಾವನೆಯಿಂದ ಅಭಿಪ್ರಾಯಕ್ಕೆ ಬಂದ ನೋಂದಾಯಿತ ವೈದ್ಯರಿಗೆ ಅದು ರಕ್ಷಣೆ ಕೊಡುತ್ತದೆ. 2021ರ ತಿದ್ದುಪಡಿ 20 ವಾರದವರೆಗೆ ಒಬ್ಬ ವೈದ್ಯರ, ನಿಗದಿತ ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರ ಅಭಿಪ್ರಾಯ ಸಾಕೆಂದಿತು. ‘ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ’ ಎಂದಿದ್ದ ಕಡೆ ‘ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದು ಬಂದದ್ದೂ ಆಗಲೇ.

ಈಗ ಕಾಗದಗಳಿಗೆ ಬರೋಣ. ಎಂಟಿಪಿ ನಡೆಯುವ ಪ್ರತಿ ಆಸ್ಪತ್ರೆಯಲ್ಲೂ ದಾಖಲಾತಿ ರಿಜಿಸ್ಟರ್ ಇರಬೇಕು. ಕ್ರಮಸಂಖ್ಯೆ ಪ್ರತಿ ಜನವರಿಯಲ್ಲಿ ಹೊಸದಾಗಿ ಶುರುವಾಗುತ್ತದೆ, ಪಕ್ಕದಲ್ಲಿ ವರ್ಷ ಬರೆಯಬೇಕು. ನಿಯಮಾವಳಿಯೇ 5/1972, 5/1973 ಎಂದು ಮಾದರಿ ಕೊಟ್ಟಿದೆ. ಹೆಸರು, ವಯಸ್ಸು, ಧರ್ಮ, ವಿಳಾಸ, ಗರ್ಭದ ಅವಧಿ, ಕಾರಣ, ಅಭಿಪ್ರಾಯ ಕೊಟ್ಟ ವೈದ್ಯರ ಹೆಸರು, ಎಲ್ಲಕ್ಕೂ ಕಾಲಂ ಇದೆ. ಈಗಾಗಲೇ ಇರುವ ಮಕ್ಕಳು ಗಂಡೋ ಹೆಣ್ಣೋ ಎಂಬುದಕ್ಕೆ ಇಲ್ಲ. ಇದು ಗೋಪ್ಯ ದಾಖಲೆ, ಐದು ವರ್ಷ ಕಾಪಿಡಬೇಕು. ಜಿಲ್ಲೆಗೆ ಹೋಗುವುದು ಹೆಸರಿಲ್ಲದ ಮಾಸಿಕ ಲೆಕ್ಕ ಮಾತ್ರ.

ಲಿಂಗ ಪತ್ತೆ ನಿಷೇಧದ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಸ್ಕ್ಯಾನಿಂಗ್ ಸೆಂಟರ್ ತುಂಬುವ ಫಾರಂ ಎಫ್ ಇದಕ್ಕೆ ತದ್ವಿರುದ್ಧ. ಗಂಡುಮಕ್ಕಳೆಷ್ಟು, ವಯಸ್ಸೆಷ್ಟು, ಹೆಣ್ಣುಮಕ್ಕಳೆಷ್ಟು, ವಯಸ್ಸೆಷ್ಟು ಎಂದು ಅದು ನೇರವಾಗಿ ಕೇಳುತ್ತದೆ. ಲಿಂಗ ತಿಳಿಯುವ ಇಚ್ಛೆ ತನಗಿಲ್ಲವೆಂದು ಗರ್ಭಿಣಿ, ತಿಳಿಸಿಲ್ಲವೆಂದು ವೈದ್ಯರು ಸಹಿ ಹಾಕುತ್ತಾರೆ. ಪ್ರತಿ ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಪ್ರಾಧಿಕಾರ ಸೇರಬೇಕು. ಫಾರಂ ತುಂಬುವಲ್ಲಿನ ಲೋಪವನ್ನೂ ಅಪರಾಧವಾಗಿ ನೋಡುವ ಕಲಮನ್ನು 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಇಬ್ಬರು ಹೆಣ್ಣುಮಕ್ಕಳ ತಾಯಿಗೆ 14ನೇ ವಾರ ಸ್ಕ್ಯಾನಿಂಗ್ ಆಗಿ, 15ನೇ ವಾರ ‘ಗರ್ಭನಿರೋಧಕದ ವೈಫಲ್ಯ’ ಎಂಬ ಕಾರಣಕ್ಕೆ ಗರ್ಭಪಾತವಾಯಿತೆನ್ನಿ. ಎರಡು ಕಾಗದಗಳೂ ಬಿಡಿಬಿಡಿಯಾಗಿ ನಿರ್ದೋಷ. ಅನುಮಾನ ಹುಟ್ಟುವುದು ಜೋಡಿಸಿದಾಗ ಮಾತ್ರ.

ಗಡಿ ಇದನ್ನು ಇನ್ನಷ್ಟು ಜಟಿಲವಾಗಿಸುತ್ತದೆ. ಶ್ರೀನಿವಾಸಪುರದವರಿಗೆ ಮದನಪಲ್ಲಿ, ಮುಳಬಾಗಿಲಿನವರಿಗೆ ನಂಗಲಿ ದಾಟಿದರೆ ಪಲಮನೇರು, ಮಾಲೂರಿನವರಿಗೆ ಒಂದು ಕಡೆ ಹೊಸೂರು, ಇನ್ನೊಂದು ಕಡೆ ಹೊಸಕೋಟೆ. ಮದುವೆ, ಮಂಡಿ, ಆಸ್ಪತ್ರೆ, ಯಾವುದಕ್ಕೂ ಈ ಭಾಗದ ಜನ ರಾಜ್ಯದ ಗೆರೆ ನೋಡಿದವರಲ್ಲ. ಫಾರಂ ಎಫ್ ಆಂಧ್ರದ ಕಡತದಲ್ಲಿ, ರಿಜಿಸ್ಟರಿನ ಸಾಲು ಕೋಲಾರದಲ್ಲಿ ಉಳಿದರೆ ಎರಡನ್ನೂ ನೋಡಬಲ್ಲ ಅಧಿಕಾರಿ ಯಾರು?

2023ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಹೆಣ್ಣು ಭ್ರೂಣಹತ್ಯೆ ಜಾಲದಲ್ಲಿ ಸ್ಕ್ಯಾನಿಂಗ್ ನಡೆದದ್ದು ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ, ಗರ್ಭಪಾತ ಮೈಸೂರಿನ ಆಸ್ಪತ್ರೆಯಲ್ಲಿ ಎಂಬುದು ಆರೋಪ. ಆಲೆಮನೆಯಲ್ಲಿ ಫಾರಂ ಎಫ್ ಯಾರು ತುಂಬುತ್ತಾರೆ, ಹಾಗಾಗಿ ಕಾಗದ ಜೋಡಿಸುವ ಮಾತೇ ವ್ಯರ್ಥ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಯಂತ್ರ ಚೀಲದಲ್ಲಿ ಸಾಗೀತು. ನಾಲ್ಕೈದು ತಿಂಗಳ ಗರ್ಭ ತೆಗೆಯಲು ಮಂಚ, ಅರಿವಳಿಕೆ, ರಕ್ತ ಬೇಕು. ತಪಾಸಣೆ ಬಿಗಿಯಾಗಬೇಕಾದದ್ದು ಈ ತುದಿಯಲ್ಲಿ.

ಆ ಅಧಿಕಾರ ಜಿಲ್ಲೆಯಲ್ಲೇ ಇದೆ. ಖಾಸಗಿ ಆಸ್ಪತ್ರೆಗೆ ಎಂಟಿಪಿ ಅನುಮತಿ ಕೊಡುವ ಜಿಲ್ಲಾ ಸಮಿತಿಗೆ ಆರೋಗ್ಯಾಧಿಕಾರಿಯೇ ಮುಖ್ಯಸ್ಥರು. 2003ರ ನಿಯಮದಂತೆ ಒಬ್ಬ ಮಹಿಳೆ ಇರಲೇಬೇಕು, ಪಂಚಾಯತ್ ಸಂಸ್ಥೆಯಿಂದ, ಸ್ವಯಂಸೇವಾ ಸಂಸ್ಥೆಯಿಂದ ಸದಸ್ಯರಿಗೆ ಜಾಗವಿದೆ. ಜೀವಪರ ಗೆಳೆಯರು ಫಲಕ ಹಿಡಿದು ನಿಲ್ಲುವ ಹೊತ್ತಿನಲ್ಲಿ ಈ ಕುರ್ಚಿಯ ಕಡೆಗೂ ನೋಡಬಹುದಿತ್ತು.

ಹೆಸರುಗಳನ್ನು ಬಯಲಿಗೆಳೆಯಿರಿ ಎಂದು ಹೇಳುತ್ತಿಲ್ಲ. 2021ರ ತಿದ್ದುಪಡಿಯ 5ಎ ಕಲಂ ಮಹಿಳೆಯ ಗೋಪ್ಯತೆ ಮುರಿದ ವೈದ್ಯರಿಗೆ ಒಂದು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ. ಅದು ಸರಿಯಾಗಿಯೇ ಇದೆ. ಗುಟ್ಟು ರಟ್ಟಾಗುವ ಭಯ ಹುಟ್ಟಿದರೆ ಹೆಂಗಸರು ಮೆಡಿಕಲ್ ಶಾಪಿನ ಮಾತ್ರೆಗೆ ಹೋಗುತ್ತಾರೆ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪ್ರಕಟಿಸಿದ ಅಂದಾಜಿನಂತೆ 2015ರಲ್ಲಿ ದೇಶದಲ್ಲಿ ನಡೆದ 1.56 ಕೋಟಿ ಗರ್ಭಪಾತಗಳಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ ಆದವು. ಅಲ್ಲಿ ಯಾವ ರಿಜಿಸ್ಟರೂ ಇಲ್ಲ.

ಇನ್ನೊಂದು ಎಚ್ಚರಿಕೆ ಬೆಳಗಾವಿಯ ಮಗಳಿಂದ ಬರುತ್ತದೆ. ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯಲ್ಲಿ ನಂಜೇರಿ ತೀರಿಕೊಂಡರು. ಗರ್ಭ ಉಳಿಯುವಂತಿರಲಿಲ್ಲ; ಭ್ರೂಣದ ಹೃದಯ ಬಡಿಯುತ್ತಿದೆಯೆಂದು ವೈದ್ಯರು ಗರ್ಭಪಾತ ಮಾಡಲಿಲ್ಲ. ತಾಯಿಯ ಜೀವ ಉಳಿಸಲು ತಕ್ಷಣ ಬೇಕಾದರೆ ವಾರದ ಮಿತಿ, ಎರಡನೇ ಅಭಿಪ್ರಾಯ ಯಾವುದೂ ಅಡ್ಡಬಾರದೆನ್ನುವ ನಮ್ಮ ಎಂಟಿಪಿ ಕಾಯ್ದೆಯ 5ನೇ ಕಲಮನ್ನು ಜೀವಪರರೇ ಮೊದಲು ಸಮರ್ಥಿಸಬೇಕು.

ಸದ್ಯಕ್ಕೆ ಸಾಧ್ಯವಾದ ಕೆಲಸ ಸಣ್ಣದು. ಮಾಸಿಕ ಲೆಕ್ಕದಲ್ಲಿ 12 ವಾರ ದಾಟಿದ ಗರ್ಭಪಾತಗಳ ಸಂಖ್ಯೆಯನ್ನು ತಾಲ್ಲೂಕುವಾರು, ಹೆಸರಿಲ್ಲದೆ, ಜಿಲ್ಲಾಡಳಿತ ಪ್ರಕಟಿಸಬಹುದು. ಅದೇ ತಿಂಗಳ ಫಾರಂ ಎಫ್ ಸಂಖ್ಯೆಯನ್ನು ಪಕ್ಕದಲ್ಲಿಡಬಹುದು. ಬೇಡದ ಬಸಿರು ಹೊತ್ತು ಬಂದವಳಿಗೆ, ಹೆತ್ತ ಮಗುವನ್ನು 2015ರ ಬಾಲನ್ಯಾಯ ಕಾಯ್ದೆಯ 35ನೇ ಕಲಮಿನಂತೆ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು, ಮನಸ್ಸು ಬದಲಾಯಿಸಲು ಎರಡು ತಿಂಗಳ ಅವಕಾಶವೂ ಇದೆ ಎಂಬ ಮಾಹಿತಿ ಹೆರಿಗೆ ವಾರ್ಡಿನ ಗೋಡೆಯ ಮೇಲೆ, ಕನ್ನಡದಲ್ಲೂ ತೆಲುಗಿನಲ್ಲೂ, ‘ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡಿನಷ್ಟೇ ದೊಡ್ಡ ಅಕ್ಷರದಲ್ಲಿ ಇರಬಹುದು.