ಕಣ್ಮರೆಯಾದ ಒಂದು ಗೀತಪ್ರಹಸನ

ನಾಟಕವು ನೋಡುವವರ ಕಣ್ಣೆದುರಿಗೆ ಹುಟ್ಟಿ ಅಲ್ಲಿಯೇ ಅಳಿಯತಕ್ಕ ಕಲೆ. ಬರೆದಿಟ್ಟ ಪ್ರತಿಯೂ ಉಳಿಯದೆ ಹೋದರೆ ಚರಿತ್ರಕಾರನಿಗೆ ದೊರೆಯುವುದು ಅದರ ಹೆಸರು, ಕೆಲವು ಹಾಡುಗಳು, ಪತ್ರಿಕೆಗಳ ನಾಲ್ಕು ಮಾತುಗಳು, ಇಷ್ಟೆ. ವಿಕ್ಟೋರಿಯಾ ರಾಣಿಯ ಕಾಲದ ಕೊನೆಯಲ್ಲಿ ಅಮೆರಿಕದ ಊರೂರುಗಳನ್ನು ಸುತ್ತಿದ ‘ಎ ಟ್ರಿಪ್ ಟು ಕೂನ್‌ಟೌನ್’ ಎಂಬ ಗೀತಪ್ರಹಸನಕ್ಕೆ ಬಂದ ಗತಿಯೂ ಇದೇ.

ಇದರ ಮಹತ್ವವನ್ನು ತಿಳಿಯಬೇಕಾದರೆ ಮಿನ್‌ಸ್ಟ್ರೆಲ್ ಮೇಳಗಳ ಸಂಗತಿಯನ್ನು ಮೊದಲು ಅರಿಯಬೇಕು. 1843ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನಾಲ್ವರು ಬಿಳಿಯರು ಸುಟ್ಟ ಬಿರಡೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಪಿಟೀಲು ಬ್ಯಾಂಜೊಗಳೊಡನೆ ಹಾಡಿ ಕುಣಿದು, ಕರಿಯ ಗುಲಾಮರನ್ನು ಅಣಕಿಸಿದರು. ಈ ಆಟ ಬೇಗನೆ ಹಬ್ಬಿತು. ಮೇಳದವರು ಅರ್ಧವೃತ್ತವಾಗಿ ಕುಳಿತುಕೊಳ್ಳುವರು. ನಡುವೆ ಸೂತ್ರಧಾರನಂಥವನೊಬ್ಬ, ಎರಡು ತುದಿಗಳಲ್ಲಿ ವಿದೂಷಕರು. 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕರಿಯರೇ ಮೇಳಗಳನ್ನು ಕಟ್ಟಿದರು. ಆದರೆ ಅನೇಕ ಮೇಳಗಳ ಒಡೆತನ ಬಿಳಿಯರದು. ಕರಿಯ ನಟನೂ ತನ್ನ ಮುಖಕ್ಕೆ ಮಸಿ ಹಚ್ಚಿಕೊಂಡು ತನ್ನ ಜನರನ್ನೇ ಅಣಕಿಸಬೇಕಾಯಿತು. ಹೊಟ್ಟೆಪಾಡಿಗೆ ಬೇರೆ ರಂಗಸ್ಥಳವೆಲ್ಲಿತ್ತು?

ಈ ಸಂಪ್ರದಾಯದ ನೆರಳಿನಲ್ಲಿಯೇ ಬೆಳೆದವನು ಬಾಬ್ ಕೋಲ್. ಜಾರ್ಜಿಯ ಪ್ರಾಂತದ ಅಥೆನ್ಸ್ ಎಂಬಲ್ಲಿ 1868ರಲ್ಲಿ ಜನಿಸಿದ ಈತನು ‘ಬ್ಲ್ಯಾಕ್ ಪ್ಯಾಟಿ ಟ್ರೂಬಡೋರ್ಸ್’ ಮಂಡಲಿಗೆ ಹಾಡು ಪ್ರಹಸನಗಳನ್ನು ಬರೆದುಕೊಟ್ಟನು. ಹೆಚ್ಚಿನ ಸಂಬಳ ಕೇಳಿದಾಗ ಬಿಳಿಯ ಯಜಮಾನರು ಒಪ್ಪಲಿಲ್ಲ. ಆತನು ತಾನು ಬರೆದುದನ್ನೆಲ್ಲ ತೆಗೆದುಕೊಂಡು ಹೊರಟನು. ಯಜಮಾನರು ಆತನನ್ನು ಬಂಧಿಸುವಂತೆ ಮಾಡಿದರು. ನ್ಯಾಯಾಲಯದಲ್ಲಿಯೂ ಗೆಲವು ಅವರದೇ ಆಯಿತು.

ಕೋಲನು ಎದೆಗುಂದಲಿಲ್ಲ. ಬಿಲ್ಲಿ ಜಾನ್ಸನ್ ಎಂಬ ಗೆಳೆಯನೊಡನೆ ಸ್ವಂತ ಮಂಡಲಿ ಕಟ್ಟಿ, 1897ರ ಸೆಪ್ಟೆಂಬರಿನಲ್ಲಿ ನ್ಯೂಜರ್ಸಿಯ ಸೌತ್ ಆಂಬಾಯ್ ಪಟ್ಟಣದಲ್ಲಿ ಈ ಪ್ರಹಸನವನ್ನು ಆಡಿದನು. 1898ರ ಏಪ್ರಿಲಿನಲ್ಲಿ ಅದು ನ್ಯೂಯಾರ್ಕನ್ನು ಮುಟ್ಟಿತು, 1901ರವರೆಗೆ ಸಂಚರಿಸಿತು. ಬರೆದವರು, ಆಡಿದವರು, ನಡೆಸಿದವರು ಎಲ್ಲರೂ ಕರಿಯರೇ ಆಗಿದ್ದ ಮೊದಲನೆಯ ಪೂರ್ಣಪ್ರಮಾಣದ ಗೀತಪ್ರಹಸನವೆಂದು ಚರಿತ್ರಕಾರರು ಇದನ್ನು ಎಣಿಸುತ್ತಾರೆ.

ಕಥೆ ಸರಳ. ವಿಶ್ರಾಂತಿ ವೇತನದ ದೊಡ್ಡ ಮೊತ್ತ ಪಡೆದ ಮುದುಕನೊಬ್ಬನನ್ನು ಠಕ್ಕನೊಬ್ಬನು ವಂಚಿಸಲೆಳಸುತ್ತಾನೆ. ವಿಲ್ಲಿ ವೇಸೈಡ್ ಎಂಬ ಅಲೆಮಾರಿ ಆ ಸಂಚನ್ನು ಮುರಿಯುತ್ತಾನೆ. ಈ ಅಲೆಮಾರಿಯ ಪಾತ್ರವನ್ನು ಕೋಲನೇ ವಹಿಸಿದನು, ಅದೂ ಮುಖಕ್ಕೆ ಬಿಳಿಯ ಬಣ್ಣ ಬಳಿದುಕೊಂಡು! ಐವತ್ತು ವರ್ಷ ಬಿಳಿಯರು ಹಚ್ಚಿದ ಮಸಿಗೆ ಇದು ನಗುನಗುತ್ತ ಕೊಟ್ಟ ಉತ್ತರ. ಮೈಬಣ್ಣವೂ ಒಂದು ವೇಷವಾಗಬಹುದೆಂದಮೇಲೆ ಅದರ ಹಿರಿಮೆಯೆಲ್ಲಿ ಉಳಿಯಿತು?

ಆದರೂ ‘ಕೂನ್’ ಎಂಬುದು ಕರಿಯರನ್ನು ಹಳಿಯುವ ಮಾತೇ. ಜನರನ್ನು ಸೆಳೆಯಲು ಆ ನಿಂದೆಯನ್ನೇ ಹಣೆಯ ಮೇಲೆ ಬರೆದುಕೊಳ್ಳಬೇಕಾಯಿತು. ಆ ಹೆಸರಿನೊಳಗೇ, ಕರಿಯನಿಗೆ ಭೋಜನಶಾಲೆಯ ಬಾಗಿಲು ಮುಚ್ಚಿದ್ದ ಅನ್ಯಾಯವನ್ನೂ ಹಾಡಿ ತೋರಿಸಿದರು.

ಇಂದು ಅದರ ಕೆಲವು ಹಾಡುಗಳೂ ಚೂರುಪಾರು ಸಂಭಾಷಣೆಯೂ ಉಳಿದಿವೆ; ಆಡಿದಂತೆ ಓದಬಹುದಾದ ಸಮಗ್ರ ಪ್ರತಿಯಿಲ್ಲ. ಕೋಲನು 1911ರಲ್ಲಿ ತೀರಿಕೊಂಡನು. ತನ್ನ ಬರಹ ತನ್ನದೆಂದು ಸಾಧಿಸಹೋಗಿ ಬಂಧನಕ್ಕೊಳಗಾದವನ ಬರಹವೇ ಕಾಲದ ಕೈಸೇರಿ ಕರಗಿತು. ಮುಂದೆ ಅಮೆರಿಕದ ರಂಗಭೂಮಿಯನ್ನೇರಿದ ಕರಿಯ ಕಲಾವಿದರಿಗೆ ಆತನು ತೆರೆದ ಬಾಗಿಲು ಮಾತ್ರ ಮತ್ತೆ ಮುಚ್ಚಲಿಲ್ಲ.