ಮೂವತ್ತೈದು ನಿಮಿಷದ ದಮ್ಮು

ಚೆನ್ನಾಗಿ ಆಡುತ್ತಿದ್ದ ತಂಡ ಕೊನೆಕೊನೆಗೆ ಕೈಚೆಲ್ಲಿದರೆ ನಮ್ಮ ಜನ “ಗುಂಡಿಗೆ ಸಾಲದು” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಮಾನ್ವಿ, ದೇವದುರ್ಗ, ರಾಯಚೂರು, ಈ ಮೂರು ಊರುಗಳಲ್ಲಿ ಪಾಠ ಮಾಡುತ್ತ, ಹುಡುಗಿಯರನ್ನು ಆಟದ ಸ್ಪರ್ಧೆಗಳಿಗೆ ಕರೆದೊಯ್ಯುತ್ತ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ನಾನು ಕಲಿಸುವುದು ಇತಿಹಾಸ. ಹಾಗಾಗಿ ಇತಿಹಾಸ ಇದಕ್ಕೇನು ಹೇಳುತ್ತದೆ ಎಂದು ಹುಡುಕಿದೆ. ಉತ್ತರ ಸಿಕ್ಕಿದ್ದು ಫುಟ್‌ಬಾಲಿನಲ್ಲಿ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ದೇಶದೊಳಗಿನ ಫುಟ್‌ಬಾಲ್ ಪಂದ್ಯಗಳು ನಡೆಯುತ್ತಿದ್ದುದು 70 ನಿಮಿಷ, ಅರ್ಧಕ್ಕೆ 35 ನಿಮಿಷದಂತೆ. ಒಲಿಂಪಿಕ್ಸಿನಲ್ಲಾದರೋ 90 ನಿಮಿಷ, ಅರ್ಧಕ್ಕೆ 45. ಈ ಹತ್ತು ಹತ್ತು ನಿಮಿಷಗಳನ್ನು ಗಮನಿಸಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಬಹುಮಟ್ಟಿಗೆ ಬರಿಗಾಲಲ್ಲೇ ಆಡಿದ ನಮ್ಮವರು ಫ್ರಾನ್ಸಿನ ಎದುರು 1-1ರಲ್ಲಿ ಸಮನಾಗಿ ನಿಂತಿದ್ದರು. 89ನೇ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟು ಸೋತರು. 1960ರಲ್ಲಿ ರೋಮ್‌ನಲ್ಲಿ ಮತ್ತೆ ಫ್ರಾನ್ಸ್. ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದು ಮುಂದಿದ್ದೆವು. 82ನೇ ನಿಮಿಷದಲ್ಲಿ ಅವರು ಸಮ ಮಾಡಿಕೊಂಡರು. ಎರಡೂ ಗೋಲು ಬಂದದ್ದು ದ್ವಿತೀಯಾರ್ಧದ 35 ನಿಮಿಷ ಮುಗಿದ ಮೇಲೆ. ಎರಡು ಪಂದ್ಯಗಳಿಂದ ಎಲ್ಲ ತೀರ್ಮಾನವಾಗುವುದಿಲ್ಲ, ನಿಜ. 1948ರಲ್ಲಿ ನಾವು ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡಿದ್ದೆವು. ಆದರೂ ದೇಹಕ್ಕೆ ರೂಢಿಯಾದ ಅಳತೆಯನ್ನು ಮರೆಯುವಂತಿಲ್ಲ.

ಇದು ಅಡುಗೆಮನೆಯಲ್ಲಿ ದುಡಿದವರಿಗೆ ಬೇಗ ತಿಳಿಯುತ್ತದೆ. 20 ಜನಕ್ಕೆಂದು ಹಿಟ್ಟು ನಾದಿಕೊಂಡಿರುತ್ತೇವೆ. 30 ಜನ ಬಂದು ಕುಳಿತರೆ ಕೊನೆಯ ಪಂಕ್ತಿಗೆ ರೊಟ್ಟಿ ಸಾಲುವುದಿಲ್ಲ. ಆಟಗಾರರೂ ಅಷ್ಟೆ. 35 ನಿಮಿಷಕ್ಕೆ ಪಳಗಿದ ಮೈ ತನ್ನ ಶಕ್ತಿಯನ್ನು ಆ ಲೆಕ್ಕದಲ್ಲೇ ಖರ್ಚು ಮಾಡುತ್ತದೆ. ನಡುವಿನ ವಿರಾಮದಲ್ಲಿ ನೀರು ಕುಡಿದು ಚೇತರಿಸಿಕೊಂಡರೂ ಎರಡನೆಯ ಅರ್ಧದ ಕೊನೆಗೆ ಮತ್ತೆ ಅದೇ ಪಾಡು. ಆಗ ದಣಿದವನ ಬದಲು ಇನ್ನೊಬ್ಬನನ್ನು ಇಳಿಸುವ ಅವಕಾಶವೂ ಇರಲಿಲ್ಲ. ನಾವು ಉಂಡ ಅನ್ನ, ರೊಟ್ಟಿ ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿರುತ್ತದೆ. ಅದು ಕಡಿಮೆಯಿದ್ದ ಆಟಗಾರರು ದ್ವಿತೀಯಾರ್ಧದಲ್ಲಿ ಕಡಿಮೆ ಓಡುತ್ತಾರೆಂದು 1973ರಲ್ಲಿ ಸ್ವೀಡನ್ನಿನ ವಿಜ್ಞಾನಿ ಬೆಂಗ್ಟ್ ಸಾಲ್ಟಿನ್ ತೋರಿಸಿಕೊಟ್ಟರು. ಬುತ್ತಿ ಬರಿದಾದರೆ ಗುಂಡಿಗೆ ಏನು ಮಾಡೀತು?

ಈ ಕಥೆಯಲ್ಲಿ ನಮಗೆ ಹತ್ತಿರದವರೊಬ್ಬರಿದ್ದಾರೆ. 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಹೈದರಾಬಾದಿನಲ್ಲಿ ಶಾಲಾ ಮಾಸ್ತರರಾಗಿದ್ದವರು ಸೈಯದ್ ಅಬ್ದುಲ್ ರಹೀಮ್. ಅವರು ತಿದ್ದಿ ತೀಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ 5 ವರ್ಷ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡಕ್ಕೂ ಅವರೇ ತರಬೇತುದಾರರಾದರು. ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿದ ಮರು ತಿಂಗಳೇ ಅವರ ತಂಡ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ 4ನೇ ಸ್ಥಾನ ಪಡೆಯಿತು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಒಬ್ಬನೇ ಓಡುವ ಬದಲು ಒಬ್ಬರಿಂದೊಬ್ಬರಿಗೆ ಚಕಚಕ ಸಾಗಿಸುವ ಆಟವನ್ನು ಅವರು ಕಲಿಸಿದರು. ಚೆಂಡು ಓಡಿದರೆ ಕಾಲಿನ ದಣಿವು ಉಳಿಯುತ್ತದೆ. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಫೈನಲ್. ದಕ್ಷಿಣ ಕೊರಿಯಾ 85ನೇ ನಿಮಿಷದಲ್ಲಿ ಒಂದು ಗೋಲು ಹೊಡೆದರೂ ನಮ್ಮವರು ಗಟ್ಟಿಯಾಗಿ ನಿಂತು 2-1ರಿಂದ ಚಿನ್ನ ಗೆದ್ದರು. ಕ್ಯಾನ್ಸರ್ ರೋಗದಲ್ಲಿದ್ದ ರಹೀಮ್ ಮರುವರ್ಷ ಜೂನಿನಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದಿದ ಮೇಲೆ ನಮ್ಮ ಹುಡುಗಿಯರ ಕಬಡ್ಡಿ ಬೇರೆ ರೀತಿ ಕಾಣತೊಡಗಿತು. ಮೊದಲರ್ಧದಲ್ಲಿ ಹುಲಿಯಂತೆ ಎರಗಿದವಳು ಕೊನೆಗೆ ಕೈ ಎತ್ತಲಾರದೆ ನಿಲ್ಲುತ್ತಾಳೆ. “ಏನು ತಿಂದು ಬಂದೀಯವ್ವ?” ಎಂದು ಕೇಳಿದರೆ, “ರಾತ್ರಿ ಉಂಡದ್ದೇ ರೀ ಟೀಚರ್” ಎಂಬ ಉತ್ತರ. ಮುಂಜಾನೆ ನೀರು ತಂದು, ಕಸ ಗುಡಿಸಿ, ತಮ್ಮನನ್ನು ಸಿದ್ಧಮಾಡಿ ಬಂದಿರುತ್ತಾಳೆ. ಅವಳ ಪಂದ್ಯ ಶುರುವಾದದ್ದು ಮೈದಾನದಲ್ಲಲ್ಲ, ಮನೆಯಲ್ಲಿ.

2002ರಲ್ಲಿ ಶಾಲೆಯ ಬಿಸಿಯೂಟ ಮೊದಲು ಬಂದದ್ದು ರಾಯಚೂರೂ ಸೇರಿದಂತೆ ಉತ್ತರದ 7 ಜಿಲ್ಲೆಗಳಿಗೆ. 2021ರ ಡಿಸೆಂಬರಿನಲ್ಲಿ ಮೊಟ್ಟೆ ಕೊಡತೊಡಗಿದಾಗಲೂ ನಮ್ಮ ಜಿಲ್ಲೆ ಮೊದಲ ಸಾಲಿನಲ್ಲಿತ್ತು. ಇಲ್ಲಿಯ ಮಕ್ಕಳ ಅಪೌಷ್ಟಿಕತೆಯೇ ಅದಕ್ಕೆ ಕಾರಣವಾಗಿತ್ತು. ಆದರೆ ಬಿಸಿಯೂಟ ಮಧ್ಯಾಹ್ನದ್ದು. ಮುಂಜಾನೆಯದು ನಮ್ಮ ಕೈಯಲ್ಲಿದೆ. ಈಗ ನಾನು ಆಟದ ದಿನ ಹುಡುಗಿಯರ ತಾಯಂದಿರಿಗೆ ಹಿಂದಿನ ದಿನವೇ ಹೇಳಿ ಕಳಿಸುತ್ತೇನೆ: ರೊಟ್ಟಿ, ಬೇಳೆ ಏನಿದ್ದರೂ ಸರಿ, ಹೊರಡುವ ಎರಡು ತಾಸು ಮೊದಲು ಹೊಟ್ಟೆ ತುಂಬ ಉಣಿಸಿ, ಶೇಂಗಾ, ಬೆಲ್ಲ ಕಟ್ಟಿಕೊಡಿ, ಕುಡಿಯಲು ಉಪ್ಪು ಹಾಕಿದ ಮಜ್ಜಿಗೆ ಇರಲಿ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಎಲ್ಲರಿಗಿಂತ ಕೊನೆಗೆ ಉಣ್ಣುವುದು ವಾಡಿಕೆ. ಕೊನೆಗೆ ಉಣ್ಣುವವಳು ಕೊನೆಯವರೆಗೆ ಹೇಗೆ ಓಡಿಯಾಳು?